ಒಂದು ಡಬ್ಬ ಮುಳ್ಳುಹುಳ

ನನ್ನ ಗಂಟಲಿಗೆ ಬಗ್ಗದ ಸದ್ದು ಒಂದೇ ಒಂದು. ನಂಜನಗೂಡು ಬಸ್ ನಿಲ್ದಾಣದ ಕಂಡಕ್ಟರು, ತಾಂಡ್ಯದ ಫ್ಯಾಕ್ಟರಿಯಲ್ಲಿ ಮೂಗಿನಿಂದಲೇ ಬೈಯುವ ನಮ್ಮ ಸೂಪರ್‌ವೈಸರು, ಗಾಳಿ ಹಿಡಿದ ಬೋರ್‌ವೆಲ್ಲು, ಮೊಟ್ಟೆಯಿಟ್ಟು ಊರಿಗೆಲ್ಲ ಸಾರುವ ಕೋಳಿ, ಯಾವುದೇ ಆಗಲಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಹಾಗೆಯೇ ತೆಗೆದು ತೋರಿಸುತ್ತೇನೆ. ಇದರಿಂದ ನನಗೆ ಸ್ನೇಹಿತರು ಹೆಚ್ಚು, ನನ್ನೆದುರು ಮನಸ್ಸು ಬಿಚ್ಚಿ ಮಾತಾಡುವವರು ಕಡಿಮೆ. ಆದರೆ ನನ್ನ ಸೋದರತ್ತೆಯ ಮನೆಯಲ್ಲಿ ರೇಷ್ಮೆ ಹುಳಗಳು ಸೊಪ್ಪು ತಿನ್ನುವ ಸದ್ದನ್ನು ಮಾತ್ರ ಇವತ್ತಿನವರೆಗೂ ತರಲಾಗಿಲ್ಲ. ನಾಲಿಗೆಯನ್ನು ಹಲ್ಲಿಗೆ ಒತ್ತಿದರೆ ಹಾವು ಬರುತ್ತದೆ, ತುಟಿ ಬಿಗಿದರೆ ಒಗ್ಗರಣೆ ಬರುತ್ತದೆ. ಹುಳ ಬರುವುದಿಲ್ಲ.

ಅತ್ತೆಯ ಊರು ತಿ. ನರಸೀಪುರದಲ್ಲಿ ತಲಕಾಡಿನ ಬಸ್ಸು ಹತ್ತಿದರೆ ಅರ್ಧ ದಾರಿಯಲ್ಲಿ. ವಾರದ ರಜೆ ಸಿಕ್ಕಾಗೆಲ್ಲ ನಾನು ಅಲ್ಲಿಗೆ ಹೋಗುತ್ತೇನೆ. ಅತ್ತೆಯ ಮೇಲಿನ ಪ್ರೀತಿ ಒಂದು ಕಾರಣ, ಅತ್ತೆಯ ಬಸ್ಸಾರು ಇನ್ನೊಂದು. ಯಾವುದು ದೊಡ್ಡ ಕಾರಣ ಎಂದು ಅತ್ತೆ ಕೇಳಿಲ್ಲ, ನಾನು ಹೇಳಿಲ್ಲ. ಮನೆಯ ಹಿಂದೆ ಜಾಲರಿ ಬಾಗಿಲಿನ ಉದ್ದನೆಯ ಕೋಣೆಯೇ ಹುಳದ ಮನೆ. ಅಲ್ಲಿಗೆ ಕಾಲಿಡಬೇಕಾದರೆ ದೇವಸ್ಥಾನಕ್ಕಿಂತ ಹೆಚ್ಚು ಮಡಿ. ಚಪ್ಪಲಿ ಹೊರಗೆ, ಕೈಕಾಲು ತೊಳೆಯಬೇಕು, ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆ ಬತ್ತಿಯ ಹೆಸರೆತ್ತುವಂತಿಲ್ಲ. ಒಮ್ಮೆ ನಾನು ಕಂಕುಳಿಗೆ ಸೆಂಟು ಹೊಡೆದುಕೊಂಡು ಹೋಗಿದ್ದಕ್ಕೆ ಅತ್ತೆ ಬಾಗಿಲಲ್ಲೇ ತಡೆದು, "ನಿನ್ ವಾಸ್ನೆಗೆ ನನ್ ಉಳ ಸತ್ತೋದ್ರೆ ನೀನ್ ಗೂಡು ಕಟ್ತೀಯೇನ್ಲಾ?" ಎಂದು ತೊಟ್ಟಿಯ ನೀರನ್ನು ಮೇಲೆ ಸುರಿದಿದ್ದಳು.

ಆ ಭಾನುವಾರ ನಾನು ಹೋದಾಗ ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಮಂಕಾಗಿ ಕೂತು, ಚರ್ಮ ಬಿಡುವುದಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಒಂದು ವಾರ ಅವು ತಿನ್ನುವುದನ್ನು ನೋಡಬೇಕು. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ನನ್ನನ್ನು ನೋಡಿದವರಿಗೆ ಅಂದಾಜು ಸಿಗಬಹುದು. ಆ ವಾರ ಸೊಪ್ಪು ಚೆನ್ನಾಗಿದ್ದರೆ ಗೂಡು, ಇಲ್ಲದಿದ್ದರೆ ಗೊಬ್ಬರ. ಹಿಂದಿನ ಬೆಳೆ ಹಾಲುತೊಂಡೆ ರೋಗಕ್ಕೆ ಪೂರ್ತಿ ಹೋಗಿತ್ತು. ಲಾರಿ ಓಡಿಸುವ ಮಾವ ಆಗ ಹೆಚ್ಚು ಮಾತಾಡಿರಲಿಲ್ಲ. ಇದೊಂದು ಬೆಳೆಯೂ ಕೆಟ್ಟರೆ ಹಿಪ್ಪುನೇರಳೆ ಕಡ್ಡಿ ಕಿತ್ತು ಬಾಳೆ ಹಾಕುವುದು ಎಂದಷ್ಟೇ ಹೇಳಿ ಲಾರಿ ಹತ್ತಿದ್ದರು. ಬಾಳೆ ಮಾವನ ಬೆಳೆ. ಹುಳ ಅತ್ತೆಯದು. ಆ ಕೋಣೆ ಖಾಲಿಯಾದರೆ ಅತ್ತೆಗೆ ತನ್ನದು ಅಂತ ಏನುಳಿಯುತ್ತದೆ ಎನ್ನುವುದು ನನ್ನಂಥ ತರಲೆಗೂ ಅರ್ಥವಾಗುತ್ತಿತ್ತು.

ಊಟಕ್ಕೆ ಕೂರುವ ಹೊತ್ತಿಗೆ ಹೊರಗಿನಿಂದ ಕೂಗು ಬಂತು. "ಅವ್ವೋ, ಈಚೆಗ್ ಬಾ ವಸಿ!"

ಪಕ್ಕದ ಹೊಲದ ದೊಡ್ಡಪ್ಪ. ರಕ್ತಸಂಬಂಧವಿಲ್ಲ, ಅತ್ತೆ ಅಣ್ಣ ಎನ್ನುವುದರಿಂದ ನನಗೆ ದೊಡ್ಡಪ್ಪ. ಬಾಯಲ್ಲಿ ಸದಾ ಹೊಗೆಸೊಪ್ಪು. ಹೊಗೆಸೊಪ್ಪಿನ ಗಾಳಿ ರೇಷ್ಮೆ ಹುಳಕ್ಕೆ ವಿಷ ಎಂದು ಗೊತ್ತಿದ್ದರಿಂದ ಆ ಮನುಷ್ಯ ಎಂದೂ ಹತ್ತು ಹೆಜ್ಜೆಗಿಂತ ಹತ್ತಿರ ಬಂದವರಲ್ಲ. ಹುಣಸೆ ಮರದ ಬುಡದಲ್ಲಿ ನಿಂತು, ಊರಾಚೆಗೆ ಕೇಳುವಂತೆ ಮಾತಾಡುತ್ತಾರೆ. ಅವರ ಗುಟ್ಟುಗಳೆಲ್ಲ ಊರಿಗೇ ಗೊತ್ತಿರುವುದು ಈ ಮರ್ಯಾದೆಯಿಂದಲೇ.

"ಅಲಸಂದೆಗೆ ಜಿಗಿ ಬಿದ್ದದೆ ಕಣವ್ವ. ಕುಡಿಯೆಲ್ಲ ಕರ್ರಗಾಗೋಗದೆ. ನಾಳಿಕ್ಕೆ ಔಸ್ದಿ ಒಡೀಬೇಕು. ನಿಂಗೆ ಏಳ್ಬುಟ್ಟು ಓಗುವಾ ಅಂತ ಬಂದೆ."

ಹುಳದ ಮನೆಯ ಆಸುಪಾಸಿನಲ್ಲಿ ಔಷಧಿ ಹೊಡೆಯುವವರು ಮೊದಲೇ ಹೇಳಬೇಕು. ಅದು ಅಲ್ಲಿಯ ರೂಢಿ. ಅತ್ತೆ ಕೈಯಲ್ಲಿದ್ದ ಸೌಟು ಸಮೇತ ಹೊರಗೆ ಓಡಿದಳು.

"ನಾಳಿಕ್ಕಾ! ಅಣ್ಣೋ, ಉಳ ಈಗ್ತಾನೆ ಎದ್ದವೆ. ಗಾಳಿ ನಿಮ್ ಕಡೆಯಿಂದ್ಲೇ ನಮ್ ಕಡ್ಡಿಗೆ ಬೀಸ್ತದೆ. ಒಂದು ಅನಿ ಬಿದ್ದ ಸೊಪ್ಪು ತಿಂದ್ರೂ ವಾಂತಿ ಮಾಡ್ಕಂಡು ಸತ್ತೋಯ್ತವೆ. ಇನ್ನೆಂಟು ದಿನ ತಡ್ಕಳಿ."

"ಎಂಟ್ ದಿನ ತಡ್ಕಂಡ್ರೆ ನನ್ ಅಲಸಂದೆ ತಿಥಿಗೆ ನೀನೇ ಬಂದು ಪಾಯ್ಸ ಮಾಡ್ಬೇಕಾಯ್ತದೆ."

ಇಬ್ಬರೂ ಹೇಳಿದ್ದು ಸರಿಯೇ. ಅದೇ ಕಷ್ಟ. ಒಬ್ಬರದಾದರೂ ತಪ್ಪಿದ್ದಿದ್ದರೆ ನಾನು ಅವರ ದನಿ ತೆಗೆದು ಜಗಳವನ್ನು ನಗುವಿಗೆ ತಿರುಗಿಸುತ್ತಿದ್ದೆ. ಕೊನೆಗೆ ದೊಡ್ಡಪ್ಪ ತಲೆ ಕೆರೆದುಕೊಂಡು, "ಬೇಸ್ತವಾರದ ತಂಕ ನೋಡ್ತೀನಿ. ಕಮ್ಮಿ ಆಗಿದ್ರೆ ಸರಿ. ಇಲ್ದಿದ್ರೆ ಒಡೀತೀನಿ. ಬೇಜಾರ್ ಮಾಡ್ಕಬ್ಯಾಡ" ಎಂದು ಹೊರಟರು. ಗುರುವಾರಕ್ಕೆ ಹುಳ ಇನ್ನೂ ಹಣ್ಣಾಗಿ ಗೂಡು ಕಟ್ಟುವ ಹಂತಕ್ಕೆ ಬಂದಿರುವುದಿಲ್ಲ. ಅತ್ತೆ ಊಟ ಮಾಡಲಿಲ್ಲ. ನಾನು ಮಾಡಿದೆ, ಆದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಅದೂ ಉಪವಾಸವೇ.

ಸಂಜೆ ಅಲಸಂದೆ ಹೊಲಕ್ಕೆ ಹೋಗಿ ನೋಡಿದೆ. ಎಳೆ ಕುಡಿ, ಹೂವಿನ ತೊಟ್ಟು, ಹೀಚು ಕಾಯಿ ಎಲ್ಲದರ ಮೇಲೂ ಎಳ್ಳು ಮೆತ್ತಿದ ಹಾಗೆ ಕಪ್ಪು ಹೇನು. ದೊಡ್ಡಪ್ಪ ಜಿಗಿ ಎಂದದ್ದು ಇದನ್ನೇ. ಗಿಡದ ರಸ ಹೀರುವುದು, ಹಿಂದಿನಿಂದ ಸಿಹಿ ಅಂಟು ಬಿಡುವುದು ಇವುಗಳ ಕಸುಬು. ಆ ಸಿಹಿಗಾಗಿ ಇರುವೆಗಳು ಕಾವಲು ನಿಂತಿದ್ದವು, ನನ್ನ ಕೈಯನ್ನೂ ಕಚ್ಚಿದವು. ಅಲ್ಲೇ ಒಂದು ಎಲೆಯ ಮೇಲೆ ತೊಗರಿಬೇಳೆಯಷ್ಟು ಚಿಕ್ಕ, ದುಂಡು ಬೆನ್ನಿನ, ಕಿತ್ತಳೆ ಬಣ್ಣದ ಹುಳು ಓಡಾಡುತ್ತಿತ್ತು. ಗುಲಗಂಜಿ ಹುಳು ಎಂದು ಶಾಲೆಯಲ್ಲಿ ಓದಿದ್ದು ನೆನಪಾಗಿ, ಫೋಟೋ ತೆಗೆದು ಮಿಸ್‌ಗೆ ಕಳಿಸಿದೆ.

ಮಿಸ್ ಎಂದರೆ ನಂಜನಗೂಡಿನಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿ, ನಿವೃತ್ತ ವಿಜ್ಞಾನ ಟೀಚರು. ನಾನು ಅವರನ್ನು ಅಣಕಿಸುವುದನ್ನು ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡು, "ನಾನು 'ಸೈಲೆನ್ಸ್' ಅನ್ನೋದು ಇನ್ನೂ ಚಿಕ್ಕದಾಗಿ ಕಣಪ್ಪ, ತಿದ್ದಿಕೋ" ಎಂದು ಒಳಗೆ ಹೋದವರು. ಅವತ್ತಿನಿಂದ ಅವರನ್ನು ಕಂಡರೆ ನನಗೆ ಭಯ. ಫೋಟೋ ಕಂಡವರೇ ಫೋನ್ ಮಾಡಿದರು.

"ಫೋಟೋದಲ್ಲಿ ನಿನ್ನ ಹೆಬ್ಬೆರಳೇ ದೊಡ್ಡದಾಗಿ ಬಂದಿದೆ. ಕೈಯಲ್ಲಿ ಹಿಡಿದು ನೋಡಿ ಹೇಳು. ಬೆನ್ನು ಹೊಳೆಯುತ್ತಾ, ಮಂಕಾಗಿದೆಯಾ?"

"ಹೊಳೀತಿದೆ ಮಿಸ್, ಎಣ್ಣೆ ಹಚ್ಚಿದ ಹಾಗೆ."

"ಸಣ್ಣ ಸಣ್ಣ ಕೂದಲು ಇದೆಯಾ?"

"ಒಂದೂ ಇಲ್ಲ. ನಮ್ಮಪ್ಪನ ತಲೆ ಇದ್ದ ಹಾಗಿದೆ."

"ಚುಕ್ಕಿ ಎಷ್ಟು?"

"ಚುಕ್ಕಿಗಿಂತ ಗೆರೆ ಜಾಸ್ತಿ ಮಿಸ್. ಎರಡೂ ರೆಕ್ಕೆಯ ಮೇಲೆ ಅಂಕುಡೊಂಕು ಕಪ್ಪು ಗೆರೆ, ಹಿಂದೆ ಒಂದೊಂದು ಬೊಟ್ಟು. ನಡುವೆ ಬೈತಲೆ ಹಾಗೆ ಕಪ್ಪು ಪಟ್ಟೆ."

ಅಷ್ಟರಲ್ಲಿ ಹುಳು ಕಾಲು ಮಡಚಿಕೊಂಡು ಸತ್ತಂತೆ ಬಿತ್ತು. ಮೊಣಕಾಲಿನಿಂದ ಹಳದಿ ರಸ ಬಿಟ್ಟು ನನ್ನ ಅಂಗೈಗೆ ಕಹಿ ವಾಸನೆ ಹಚ್ಚಿತು. ಸೋಮವಾರ ಬೆಳಗಿನ ಪಾಳಿಗೆ ಎಬ್ಬಿಸಿದರೆ ನಾನು ಮಾಡುವ ನಾಟಕವೇ. ರಸವೊಂದು ಕಡಿಮೆ.

ಮಿಸ್‌ಗೆ ಖುಷಿಯಾಯಿತು. ಬದನೆ ಗಿಡದಲ್ಲಿ ಇದರ ನೆಂಟ ಒಂದಿದೆಯಂತೆ. ಅದರ ಬೆನ್ನು ಮಂಕು, ಮೈಮೇಲೆ ನವಿರು ಕೂದಲು, ತುಂಬ ಚುಕ್ಕಿ. ಎಲೆಯ ಹಸಿರನ್ನು ಕೆರೆದು ತಿಂದು ಜಾಲರಿ ಮಾಡುತ್ತದೆ, ಅದು ಶತ್ರು. ಹೊಳೆಯುವ ಬೆನ್ನಿನ, ಅಂಕುಡೊಂಕು ಗೆರೆಯ ಇದು ಎಲೆ ಮುಟ್ಟುವುದಿಲ್ಲ, ಹೇನನ್ನೇ ತಿನ್ನುತ್ತದೆ. ಹೇನು ಎಲ್ಲಿ ಹೆಚ್ಚೋ ಅಲ್ಲೇ ಹಳದಿ ಮೊಟ್ಟೆಗಳನ್ನು ಗುಂಪಾಗಿ ನಿಲ್ಲಿಸಿ ಇಡುತ್ತದೆ. "ನಾಲ್ಕು ದಿನ ಯಾರೂ ಏನೂ ಮಾಡದೆ ಸುಮ್ಮನಿದ್ದರೆ ಅವೇ ನೋಡಿಕೊಳ್ಳಬಹುದು" ಎಂದರು.

ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ.

ಸೋಮವಾರ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು, ಅತ್ತೆಯ ದನಿಯಲ್ಲಿ ಸೂಪರ್‌ವೈಸರಿಗೆ ಫೋನ್ ಮಾಡಿದೆ. "ಸಾ, ನಾನು ಉಡುಗನ ಸೋದರತ್ತೆ. ಜಾರಿ ಬಿದ್ದು ಕಾಲು ಉಳುಕದೆ ಸಾ, ನೋಡ್ಕಳಾಕೆ ಯಾರೂ ಇಲ್ಲ." ನಾಲ್ಕು ದಿನ ರಜೆ ಸಿಕ್ಕಿತು. ತಿರುಗಿ ನೋಡಿದರೆ ಸೊಪ್ಪಿನ ಹೊರೆ ಹೊತ್ತ ಅತ್ತೆ, ಎರಡು ಕಾಲಿನ ಮೇಲೂ ನೆಟ್ಟಗೆ ನಿಂತಿದ್ದಳು. "ಯಾವ ಕಾಲು ಏಳ್ಬುಡು, ಕುಂಟ್ತೀನಿ" ಎಂದಳು.

ಆಮೇಲೆ ಇಬ್ಬರೂ ಹೊಲಕ್ಕೆ ಹೋದೆವು. ನೆಪ, ಗುಲಗಂಜಿ ಹುಳುಗಳನ್ನು ಎಣಿಸುವುದು. ಹತ್ತಿಪ್ಪತ್ತು ಕಂಡವು. ಆದರೆ ಅವಕ್ಕಿಂತ ಹೆಚ್ಚಾಗಿ ಬೇರೊಂದು ಕಂಡಿತು. ಅಕ್ಕಿಕಾಳಿಗಿಂತ ವಸಿ ದೊಡ್ಡದು, ಕಪ್ಪು ಮೈ, ಬೆನ್ನಿನ ಮೇಲೆ ಬಿಳಿ ಕಿತ್ತಳೆ ಮಚ್ಚೆ, ಸಾಲು ಮುಳ್ಳು, ಮುಂದೆ ಆರು ಕಾಲು, ಹಿಂದೆ ಚೂಪು ಬಾಲ. ಕಾವೇರಿಯ ಮೊಸಳೆಯನ್ನು ಒಗೆದು ಒಣಗಿಸಿ ಕುಗ್ಗಿಸಿದ ಹಾಗೆ. ಕುಡಿಯಿಂದ ಕುಡಿಗೆ ಓಡುತ್ತಿತ್ತು.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. "ಇದೇನ್ಲಾ ಮುಳ್ಳುಳ? ಇದು ನಮ್ ಕಡ್ಡಿಗೆ ದಾಟ್ಕಂಡು ಸೊಪ್ಪಿನ ಜೊತೆ ಒಳಕ್ ಬಂದ್ರೆ ನನ್ ಉಳದ ಗತಿ?"

ಹುಳದ ಮನೆಯವರಿಗೆ ಪ್ರಪಂಚದಲ್ಲಿ ಎರಡೇ ಜಾತಿ ಹುಳ. ಒಂದು ತಮ್ಮದು, ಬೆಳ್ಳಗೆ, ಮೆತ್ತಗೆ, ಸಾಧು. ಉಳಿದವೆಲ್ಲ ಕಳ್ಳರು. ನಾನೂ ಆ ಅನ್ನ ಉಂಡವನಲ್ಲವೇ? ಹಳೇ ಪೇಂಟ್ ಡಬ್ಬಕ್ಕೆ ಸೋಪಿನ ನೀರು ಹಾಕಿಕೊಂಡು, ನಾನು ಒಂದು ಸಾಲು, ಅತ್ತೆ ಒಂದು ಸಾಲು ಹಿಡಿದು ಆರಿಸತೊಡಗಿದೆವು. ಬದುವಿನ ಮೇಲೆ ನಿಂತಿದ್ದ ದೊಡ್ಡಪ್ಪ, "ಮುಳ್ಳದೆ ಅಂದ್ರೆ ಒಳ್ಳೇದಲ್ಲ, ಆಕಿ ಆಕಿ" ಎಂದು ಹುರಿದುಂಬಿಸಿದರು. ನಾನು ಕ್ರಿಕೆಟ್ ಕಾಮೆಂಟರಿಯ ದನಿಯಲ್ಲಿ ಒಂದೊಂದು ವಿಕೆಟ್ಟನ್ನೂ ಘೋಷಿಸಿದೆ. ಕತ್ತಲಾಗುವ ಮೊದಲು ಪಡುವಣ ಅರ್ಧ ಹೊಲ ಮುಗಿದಿತ್ತು. ಡಬ್ಬದ ತಳ ಕಪ್ಪಾಗಿತ್ತು. ಅದರ ಫೋಟೋ ತೆಗೆದು, ಪಕ್ಕದಲ್ಲಿ ನನ್ನ ಮುಖವೂ ಬರುವ ಹಾಗೆ ನೋಡಿಕೊಂಡು, ಮಿಸ್‌ಗೆ ಕಳಿಸಿದೆ. ಜೊತೆಗೆ ದೊಡ್ಡಪ್ಪನ ಎದುರಲ್ಲೇ ನನ್ನ ದನಿಯಲ್ಲಿ ಒಂದು ಸಂದೇಶ: "ಮಿಸ್, ನಿಮ್ಮ ಹುಳುವಿಗೆ ತೊಂದರೆ ಕೊಡುತ್ತಿದ್ದ ಶತ್ರುಗಳನ್ನೆಲ್ಲ ಒಂದು ಡಬ್ಬ ತುಂಬ ಹಿಡಿದಿದ್ದೀನಿ ಮಿಸ್!"

ಮಂಗಳವಾರ ಬೆಳಿಗ್ಗೆ ಮಿಸ್ ಫೋನ್ ಬಂತು.

"ನಿಮ್ಮತ್ತೆ ರೇಷ್ಮೆ ಹುಳ ಸಾಕ್ತಾರೆ ಅಂದೆಯಲ್ಲಪ್ಪ?"

"ಹೌದು ಮಿಸ್."

"ಅದು ರೆಕ್ಕೆ ಕಟ್ಟಿಕೊಂಡೇ ಹುಟ್ಟುತ್ತಾ?"

"ಇಲ್ಲ ಮಿಸ್" ಎಂದೆ, ಡಬ್ಬದ ಕಡೆ ನೋಡುತ್ತಾ.

"ಆ ಮುಳ್ಳುಹುಳ ಗುಲಗಂಜಿ ಹುಳುವಿನ ಮರಿ ಕಣಪ್ಪ. ದೊಡ್ಡದಕ್ಕಿಂತ ಮರಿಗೇ ಹೊಟ್ಟೆಬಾಕತನ ಹೆಚ್ಚು. ಹೇನು ತಿನ್ನೋ ಸೈನ್ಯವನ್ನೇ ಡಬ್ಬಕ್ಕೆ ಹಾಕಿದ್ದೀಯ."

ಅವರು ಬೈಯಲಿಲ್ಲ. ಬೈದಿದ್ದರೆ ಆ ದನಿಯನ್ನಾದರೂ ಕಲಿಯುತ್ತಿದ್ದೆ.

ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅವಳು ತಟ್ಟೆಗೆ ಸೊಪ್ಪು ಹಾಸುತ್ತಿದ್ದಳು. ಕೈ ನಿಂತಿತು. ಹುಳಗಳ ಸದ್ದು ಒಂದೇ ಕೋಣೆ ತುಂಬ. "ಮದ್ವೆಯಾಗಿ ಬಂದಾಗ್ನಿಂದ ಉಳ ಸಾಕ್ತಾ ಇವ್ನಿ" ಎಂದಳು. "ಮೊಟ್ಟೆ ಒಂದ್ ರೂಪ, ಉಳ ಒಂದ್ ರೂಪ, ಚಿಟ್ಟೆ ಇನ್ನೊಂದ್ ರೂಪ. ನನ್ ಮನೇಲೇ ದಿನಾ ನಡೀತದೆ. ಮುಳ್ಳು ಕಂಡ ತಕ್ಷಣ ಮರ್ತೋಯ್ತಲ್ಲ." ಅತ್ತೆ ಅಳುತ್ತಾಳೆಂದು ನನಗೆ ಭಯವಾಯಿತು. ಅವಳು ಅಳಲಿಲ್ಲ. ದೊಡ್ಡಪ್ಪನಿಗೆ ಯಾರು ಹೇಳುವುದು ಎಂದು ನಾನು ಗೊಣಗಿದೆ. ಮಿಸ್ ದನಿಯಲ್ಲಿ ಫೋನ್ ಮಾಡಿ ಜಾಣತನದಿಂದ ವಿವರಿಸಿಬಿಡಬಹುದಲ್ಲ ಎಂಬ ಯೋಚನೆಯೂ ಬಂದಿತ್ತು, ಸುಳ್ಳೇಕೆ. ಅತ್ತೆಗೆ ಅದೂ ಗೊತ್ತಾಯಿತು. "ಓಗು. ನಿನ್ ಗಂಟಲಲ್ಲೇ ಏಳು."

ನನ್ನ ಗಂಟಲಲ್ಲಿ ಹೇಳುವುದು ನಿಜಕ್ಕೂ ಕಷ್ಟ. ಬೇರೆಯವರ ದನಿಗೆ ಒಂದು ಅಳತೆ ಇರುತ್ತದೆ, ನನ್ನದಕ್ಕೆ ಇಲ್ಲ. ದೊಡ್ಡಪ್ಪ ಪೂರ್ತಿ ಕೇಳಿ, ಹೊಗೆಸೊಪ್ಪು ಉಗಿದು, "ನಾನೂ ನಿಂತಿದ್ನಲ್ಲ ಕಣ್ಲಾ, ಆಕಿ ಆಕಿ ಅಂತ" ಎಂದರು. ಆಮೇಲೆ, "ಆದ್ರೂ ಬೇಸ್ತವಾರ ಬೇಸ್ತವಾರ್ವೆಯ. ಮನೇಲಿ ತಿನ್ನೋ ಬಾಯಿ ನನಗೂ ಅವೆ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮಿಸ್ ಒಂದು ದಾರಿ ಹೇಳಿದ್ದರು. ಅಲಸಂದೆಯ ಕಪ್ಪು ಹೇನು ಹಸಿರೆಲೆ ಗೊಬ್ಬರಕ್ಕೆಂದು ಬದುವಿನಲ್ಲಿ ಬೆಳೆಸುವ ಗೊಬ್ಬರದ ಗಿಡದ ಕುಡಿಗೂ ಬರುತ್ತದೆ, ಹೇನಿದ್ದಲ್ಲಿ ಮರಿಯೂ ಇರುತ್ತದೆ, ಹುಡುಕಿ ನೋಡು ಎಂದು. ಹುಡುಕಿದೆ. ಕಾಲುವೆ ಏರಿಯ ಮೇಲಿನ ಗೊಬ್ಬರದ ಗಿಡಗಳಲ್ಲಿ ಬೇಕಾದಷ್ಟಿದ್ದವು. ಆದರೆ ಬೆರಳಲ್ಲಿ ಹಿಡಿದರೆ ನಜ್ಜುಗುಜ್ಜು. ಎರಡು ಮೂರನ್ನು ಕೊಂದ ಮೇಲೆ ಹಿಂದಿನಿಂದ ಅತ್ತೆ ನನ್ನ ಕೈ ತಳ್ಳಿದಳು. ಅವಳ ಕೈಯಲ್ಲಿ ಕೋಳಿ ಗರಿ ಇತ್ತು, ಮೊಟ್ಟೆಯೊಡೆದು ಬಂದ ರೇಷ್ಮೆ ಮರಿಗಳನ್ನು ಹಾಳೆಯಿಂದ ತಟ್ಟೆಗೆ ಇಳಿಸುವ ಗರಿ. ಆ ಮರಿಗಳು ಕೂದಲಿನ ತುಂಡಿನಷ್ಟಿರುತ್ತವೆ. ಒಂದಕ್ಕೂ ನೋವಾಗದಂತೆ ಇಳಿಸುವ ಕೈ ಅದು. ಒಂದೇ ಸವರು, ಮುಳ್ಳುಹುಳ ಮೊರಕ್ಕೆ ಹಾಸಿದ ಹಾಳೆಯ ಮೇಲೆ.

ಮೊದಲ ಮೊರವನ್ನು ಹೊಲಕ್ಕೆ ತರುವಷ್ಟರಲ್ಲಿ ಎರಡು ಮರಿ ಸೇರಿ ಮೂರನೆಯದನ್ನು ತಿನ್ನುತ್ತಿದ್ದವು.

"ಥೂ, ಒಂದ್ನೊಂದು ತಿಂತವಲ್ಲ ಕಣ್ಲಾ! ನನ್ ಉಳ ನೋಡು, ಸಾವಿರ ಇದ್ರೂ ಜಗಳ ಇಲ್ಲ."

"ಅತ್ತೆ, ಅವು ಮಾಂಸ ತಿನ್ನೋ ಮನೆತನ. ನಮ್ಮ ಫ್ಯಾಕ್ಟರಿ ಕ್ಯಾಂಟೀನ್ ನೋಡಿಲ್ಲ ನೀನು."

ಆಮೇಲೆ ಅವಳು ಒಂದೊಂದು ಮರಿಗೂ ಒಂದೊಂದು ಎಲೆ ಹಾಸಿ ದೂರದೂರ ಮಲಗಿಸಿದಳು. ಮಂಗಳವಾರ, ಬುಧವಾರ ಹುಳಕ್ಕೆ ಸೊಪ್ಪು ಹಾಕಿದ ಬಿಡುವಿನಲ್ಲೆಲ್ಲ ಇದೇ ಕೆಲಸ. ಕುಡಿ ಹತ್ತುತ್ತಲೇ ಮರಿ ಒಂದು ಹೇನನ್ನು ಕಚ್ಚಿ ಎತ್ತಿ ಹೀರುವುದನ್ನು ಅತ್ತೆ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದಳು. "ತಿನ್ನು ಮಗ, ತಿನ್ನು" ಎಂದು ಅವಳು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಅದನ್ನು ಮಾತ್ರ ಅಣಕಿಸಲಿಲ್ಲ.

ಗುರುವಾರ ಬೆಳಿಗ್ಗೆ ದೊಡ್ಡಪ್ಪ ಬಂದರು. ಬೆನ್ನಿಗೆ ಔಷಧಿ ಪಂಪು. ಅತ್ತೆ ಬದುವಿನ ಮೇಲೆ ಸೆರಗು ಬಿಗಿದು ನಿಂತಳು. ಮೂಡಣ ಅರ್ಧದಲ್ಲಿ ಕುಡಿಗಳು ಹಸಿರಿಗೆ ತಿರುಗಿದ್ದವು. ಹೇನಿನ ಬಿಳಿ ಸಿಪ್ಪೆಗಳು ಮಾತ್ರ ಅಂಟಿದ್ದವು. ಎಲೆಗಳ ಅಡಿಯಲ್ಲಿ ಕೆಲವು ಮರಿಗಳು ಬಾಲ ಅಂಟಿಸಿಕೊಂಡು, ಬೆನ್ನು ಗೂನು ಮಾಡಿ, ಕೋಶವಾಗಿ ಕೂತಿದ್ದವು. ಆದರೆ ನಾನು ಕಾಮೆಂಟರಿ ಹೇಳುತ್ತಾ ಗೆದ್ದಿದ್ದ ಪಡುವಣ ಸಾಲುಗಳು ಇನ್ನೂ ಕರ್ರಗೇ ಇದ್ದವು. ನಾವು ತಂದು ಬಿಟ್ಟ ಮರಿಗಳು ಅಷ್ಟಕ್ಕೆ ಸಾಲವು. ಮುದುಡಿದ ಕುಡಿ, ಉದುರಿದ ಹೂವು. ದೊಡ್ಡಪ್ಪ ಈ ಕಡೆಯಿಂದ ಆ ಕಡೆಗೆ ಎರಡು ಸಲ ನಡೆದರು. ಪಂಪಿನೊಳಗೆ ಔಷಧಿ ಗುಳುಗುಳು ಎನ್ನುತ್ತಿತ್ತು.

"ದೊಡ್ಡಪ್ಪ, ಆ ಸಾಲು ಹಾಳಾಗಿದ್ದು ನನ್ನಿಂದ" ಎಂದೆ. ನನ್ನ ಗಂಟಲಲ್ಲೇ.

"ಗೊತ್ತದೆ ಸುಮ್ಕಿರ್ಲಾ." ಅವರು ಒಂದು ಕರಿ ಕುಡಿಯನ್ನು ಬಗ್ಗಿಸಿ ನೋಡಿದರು. ಅದರ ನಡುವೆ ಒಂದೇ ಒಂದು ಮುಳ್ಳುಹುಳ, ಇರುವೆಗಳ ಕಚ್ಚಾಟದ ಮಧ್ಯೆಯೂ ತಲೆ ತಗ್ಗಿಸಿ ತಿನ್ನುತ್ತಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಪಂಪನ್ನು ಬೆನ್ನಿಂದ ಇಳಿಸಿದರು.

"ಒಡುದ್ರೆ ಆ ಕಡೇವೂ ಸಾಯ್ತವೆ, ಈ ಕಡೇವೂ ಸಾಯ್ತವೆ, ನಿಮ್ಮವೂ ಸಾಯ್ತವೆ. ಬುಡು. ನಿಮ್ ಉಳ ಅಣ್ಣಾಗ್ಲಿ. ಈ ಪಡುವಣ ಸಾಲು ನಂದಲ್ಲ ಅಂದ್ಕತೀನಿ." ಮತ್ತೆ ನನ್ನ ಕಡೆ ತಿರುಗಿ, "ಲೇ, ಕರಿ ಕುಡಿಯೆಲ್ಲ ನೀನೇ ಮುರ್ದಾಕ್ಬೇಕು. ಉಳ ಇರೋದ್ನ ಬುಟ್ಟು. ನೋಡಿ ಮುರಿ."

ನೋಡಿ ಮುರಿದೆ. ಸಂಜೆಯವರೆಗೆ, ಒಂದೊಂದು ಕುಡಿಯನ್ನೂ ತಿರುಗಿಸಿ ನೋಡಿ. ಸೊಂಟ ಹಿಡಿಯಿತು.

ಸೋಮವಾರ ಅತ್ತೆಯ ಹುಳಗಳು ಹಣ್ಣಾದವು. ಮೈ ಹಳದಿ ಗಾಜಿನಂತಾಗಿ, ತಿನ್ನುವುದನ್ನು ಬಿಟ್ಟು ತಲೆ ಆಡಿಸತೊಡಗಿದವು. ಶುಕ್ರವಾರ, ಶನಿವಾರ ಕೆಲಸಕ್ಕೆ ಹೋಗಿ ಬಂದು ನಾನು ಇನ್ನೆರಡು ದಿನ ರಜೆ ಹಾಕಿದ್ದೆ. ಈ ಸಲ ಅತ್ತೆಯೇ ಸ್ವಂತ ದನಿಯಲ್ಲಿ ಸೂಪರ್‌ವೈಸರಿಗೆ ಫೋನ್ ಮಾಡಿದಳು, ಅವನು ನಂಬಲಿಲ್ಲ. "ಆಟ ಆಡ್ಬೇಡ ಕಣೋ, ನಿನ್ನ ದನಿ ನಂಗೊತ್ತಾಗುತ್ತೆ" ಎಂದನಂತೆ. ಹುಳಗಳನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವಾಗ ಅತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕೋಣೆಯಲ್ಲಿ ತಿನ್ನುವ ಸದ್ದು ಪೂರ್ತಿ ನಿಂತು, ಏನೋ ಒಂದು ಖಾಲಿ ಖಾಲಿ. ಮಾವ ಬಂದು ಚಂದ್ರಿಕೆ ನೋಡಿ, ಬಾಳೆಯ ಮಾತೆತ್ತದೆ ಕಾಫಿ ಕೇಳಿದರು.

ಆ ಪಡುವಣ ಸಾಲುಗಳು ಒಂದು ಹಿಡಿ ಕಾಯಿಯನ್ನೂ ಕೊಡಲಿಲ್ಲ. ದೊಡ್ಡಪ್ಪ ಅದನ್ನು ನನ್ನೆದುರು ಇವತ್ತಿನವರೆಗೂ ಎತ್ತಿಲ್ಲ. ಮೂಡಣ ಸಾಲಿನ ಎಳೆ ಅಲಸಂದೆ ಕಾಯನ್ನು ಟವೆಲ್ಲಿನಲ್ಲಿ ಕಟ್ಟಿ ತಂದು, ಎಂದಿನಂತೆ ಹುಣಸೆ ಮರದ ಬುಡದಲ್ಲಿಟ್ಟು ಅತ್ತೆಯನ್ನು ಕೂಗಿದರು. ನಾನು ಹೊರಗೆ ಬಂದಾಗ ಅವರ ಮುಖದಲ್ಲಿ ಏನೋ ತುಂಟತನವಿತ್ತು. ಬಾಯೊಳಗಿನ ಹೊಗೆಸೊಪ್ಪನ್ನು ಒಂದು ದವಡೆಗೆ ತಳ್ಳಿ, ಎದೆ ಸೆಟೆಸಿ, ಕತ್ತು ವಸಿ ಎಡಕ್ಕೆ ವಾಲಿಸಿ, ಊರಿಗೆಲ್ಲ ಕೇಳುವಂತೆ ಹೇಳಿದರು.

"ಮಿಸ್, ಒಂದು ಡಬ್ಬ ತುಂಬ ಹಿಡಿದಿದ್ದೀನಿ ಮಿಸ್!"

ಅತ್ತೆ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಗುಲಗಂಜಿಗೆ ತನ್ ಕಪ್ಪು ಕಾಣ್ದಂತೆ, ಈಗ ಕಂಡ್ತೇನ್ಲಾ?" ಎಂದಳು. ಮಾವನೂ ನಕ್ಕರು. ನನ್ನ ದನಿ ಹಾಗಿರುತ್ತದೆಂದು, ಹಾಗೆ ಕೊನೆಯಲ್ಲಿ ಮೂಗಿಗೆ ಏರುತ್ತದೆಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಕತ್ತು ಎಡಕ್ಕೆ ವಾಲಿಸುತ್ತೇನೆ ಎಂಬುದಂತೂ ಸುಳ್ಳು ಎಂದುಕೊಂಡೆ. ಕೈಯಿಟ್ಟು ನೋಡಿದರೆ ವಾಲಿತ್ತು.

"ದೊಡ್ಡಪ್ಪ, ಆ ಎರಡನೇ 'ಮಿಸ್' ಇನ್ನೂ ವಸಿ ಎಳೀಬೇಕು" ಎಂದೆ. ಅವರು ತಿದ್ದಿಕೊಂಡು ಇನ್ನೊಂದು ಸಲ ಹೇಳಿದರು.